ಹೊಲಿದ ದನಿ

ಶೈಲಶ್ರೀ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದಳು.

"ಇದು ನಾ ಓದಿದ್ದಲ್ಲ."

"ದನಿ ನಿಮ್ಮದೇ ಅದರೀ," ಎಂದ ಅರುಣಕುಮಾರ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಹೌದು, ದನಿ ಅವಳದೇ. ಅದೇ ಅವಳನ್ನು ಹೆದರಿಸಿದ್ದು... ತಾನು ಎಂದೂ ಆಡದ ಮಾತನ್ನು ತನ್ನದೇ ಗಂಟಲು ಆಡುತ್ತಿತ್ತು.

ಕಡಗಂಚಿಯ ಆ ಬಾಡಿಗೆ ಕೋಣೆಯಲ್ಲಿ, ಇಟಲಿಗೆ ಹೋಗುವ ನರ್ಸುಗಳಿಗಾಗಿ ಇಟಾಲಿಯನ್ ಭಾಷೆಯ ಧ್ವನಿಪಾಠ ತಯಾರಾಗುತ್ತಿತ್ತು. ಓದುವವಳು ಕೊಳಕೂರಿನ ಶೈಲಶ್ರೀ, ಧ್ವನಿಮುದ್ರಣ ತಿದ್ದುವವನು ಅಫಜಲಪುರದ ಅರುಣಕುಮಾರ. ಮೊದಲ ದಿನದಿಂದಲೂ ಇಬ್ಬರಿಗೂ ಆಗಿಬಂದಿರಲಿಲ್ಲ.

ಜೋಡುಪದ ಬಂದಾಗಲೆಲ್ಲ ಅವಳು ಶಾಲೆಯಲ್ಲಿ ಸಂಧಿ ಬಿಡಿಸಿದಂತೆ ನಡುವೆ ತಡೆಯುತ್ತಿದ್ದಳು. ಹುಷಾರಿಲ್ಲ ಎನ್ನುವ ಪದ ಅವಳ ಬಾಯಲ್ಲಿ 'ಮಾಲ್, ಎಸ್ಸೆರೆ' ಆಗುತ್ತಿತ್ತು. ಎರಡು ತುಂಡಿಗೂ ಸಮ ಒತ್ತು. ಇಟಲಿಯವರಿಗೆ ಅದು ಮಾ-ಲೆಸ್-ಸೆ-ರೆ, ಕೂಡಿದ ಜಾಗ ಕಾಣಬಾರದು, ಭಾರ ಎರಡನೇ ಪದದ ಮೇಲೆ ಬೀಳಬೇಕು ಎಂದು ಅವನು ಹೇಳಿ ಹೇಳಿ ಸಾಕಾಗಿದ್ದ. ಕಟಕ ರೊಟ್ಟಿ ಮುರದಂಗ ಮುರೀಬ್ಯಾಡ್ರಿ ಎಂದು, ಪಾಠ ಮಾಡಿಸುತ್ತಿದ್ದ ಶಾಹೀನ ಮೇಡಂ ಎದುರೇ ಅಂದಿದ್ದ. ನಿಮ್ಮ ನಾಲಿಗಿ ಇನ್ನಾ ಅಫಜಲಪುರ ದಾಟಿಲ್ಲ ಎಂದು ಅವಳೂ ಚುಚ್ಚಿದ್ದಳು.

ಆಮೇಲೆ ನಾಲ್ಕು ದಿನ ಅವನು ಅವಳನ್ನು ಕರೆಯಲಿಲ್ಲ. ಅವಳ ಹಳೆಯ ಓದಿನಿಂದಲೇ ಒಂದು ಪದದ 'ಮಾ', ಇನ್ನೊಂದರ 'ಲೆಸ್' ಕತ್ತರಿಸಿ ತಂದು, ಒತ್ತು ಏರಿಸಿ ಇಳಿಸಿ, ಎಂಬತ್ತು ಪದ ಜೋಡಿಸಿದ್ದ.

'ಅರಿವೆ ಹೊಲಿದಂಗ ಹೊಲಿದಾನ ನನ್ನ... ಒಂದು ಮಾತು ಕೇಳದೆ.'

"ಮತ್ತೊಮ್ಮೆ ಓದಂದಿದ್ರ ಓದ್ತಿದ್ದೆ. ಯಾಕ ಕರೀಲಿಲ್ಲ?"

ಅವನು ತಡವರಿಸಿದ. ಇವತ್ತು ಮಧ್ಯಾಹ್ನ ಮೇಡಂ ಕೇಳುತ್ತಾರೆ, ತಪ್ಪಿದ್ದರೆ ಬೇರೆಯವಳನ್ನು ತರುತ್ತಾರೆ, ಇದನ್ನು ಹೇಳಿದ್ದರೆ ನೀವೇ ಸಿಟ್ಟಿನಿಂದ ಬಿಟ್ಟು ಹೋಗುತ್ತಿದ್ದಿರಿ ಎಂದ.

ಕೊಳಕೂರಿನಲ್ಲಿ ಅವ್ವ ನಿಂಬೆವ್ವ, ಮಗಳ ದನಿ ಇಟಲಿಗೆ ಹೊಂಟದ ಎಂದು ಓಣಿಗೆಲ್ಲ ಸಾರಿಬಿಟ್ಟಿದ್ದಳು. ಈ ಕೆಲಸ ಹೋದರೆ ಯಾವ ಮುಖ ಹೊತ್ತು ಊರಿಗೆ ಹೋಗುವುದು?

"ನಾಲ್ಕು ದಿನ ನಿಮ್ಮ ಉಸಿರು ಕೇಳೀನ್ರಿ," ಅವನ ದನಿ ಇಳಿಯಿತು. "ಎಲ್ಲಿ ಎಳೀತೀರಿ, ಎಲ್ಲಿ ಬೇಜಾರಾಗ್ತೀರಿ, ಎಲ್ಲಾ ಗೊತ್ತಾಗೇದ. ನಿಮ್ಮನ್ನ ಬಿಟ್ಟಿರಾಕ ಆಗಂಗಿಲ್ಲ ನನಗ."

ಅವಳ ಎದೆಬಡಿತ ಒಂದು ಕ್ಷಣ ತಪ್ಪಿತು. ಸಿಟ್ಟು ತಪ್ಪಲಿಲ್ಲ.

ಅವನು ಜೋಡಿಸಿದ ಪದಗಳಿದ್ದ ಪೆನ್‌ಡ್ರೈವ್ ಅವಳತ್ತ ಸರಿಸಿದ. "ನಾನೇ ಓದೀನಿ ಅಂತ ಮೇಡಮ್ಮಗ ಕೊಡ್ರಿ. ಕೆಲಸ ಉಳೀತದ. ನಾ ಯಾರಿಗೂ ಹೇಳಂಗಿಲ್ಲ."

"ನಿಮಗ ಬೇಕಾಗಿದ್ದು ಇದರೊಳಗಿನಾಕಿ," ಎಂದಳು ಶೈಲಶ್ರೀ. "ನೀವು ಹೊಲಿದಂಗ ಮಾತಾಡ್ತಾಳಲ್ಲ, ಆಕಿ."

"ಹಂಗಲ್ರಿ... ಇದೂ ನಿಮ್ಮದೇ, ನಾನೂ ನಿಮ್ಮವನೇ. ತಗೋರಿ."

"ಒಲ್ಲೆ."