ನನ್ನನ್ನೊಂದು ಮಾತು ಕೇಳಬಹುದಿತ್ತು

"ಅಯ್ಯೋ, ಆ ಬಟ್ಟೆ ಮುಟ್ಬೇಡಿ!"

ಅವಳು ಕೂಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಲ್ಯಾಪ್‌ಟಾಪ್ ಕಡೆಗೆ ಹರಿಯುತ್ತಿದ್ದ ಟೀಯನ್ನು ತಡೆಯಲು ತರಬೇತುದಾರ ಮುಂದಿನ ಬೆಂಚಿನ ಮೇಲೆ ಮಡಚಿಟ್ಟಿದ್ದ ಬಟ್ಟೆಯನ್ನು ಎಳೆದುಕೊಂಡು, ಮೇಜನ್ನು ಈ ತುದಿಯಿಂದ ಆ ತುದಿಗೆ ಒರೆಸಿಬಿಟ್ಟಿದ್ದ.

ಸಭಾಂಗಣದಲ್ಲಿದ್ದ ಅರವತ್ತು ಜನ ಉಸಿರು ಬಿಗಿಹಿಡಿದರು. ಅವಳೂ ಸೇರಿ ಎಲ್ಲರೂ ಕೃಷಿ ಇಲಾಖೆಯ ವಿಸ್ತರಣಾ ಶಿಕ್ಷಕರು. ರೈತರಿಗೆ ಬೇಸಾಯದ ಹೊಸ ವಿಷಯ ಕಲಿಸುವವರು. ಅವರಿಗೆ ಕಲಿಸಲು ಬಂದವನು ಅವನು. ಹಾಗಾಗಿ ಅವನಿಗೆ ಬಿದ್ದ ಅಡ್ಡಹೆಸರು 'ಮೇಷ್ಟ್ರ ಮೇಷ್ಟ್ರು'.

ಅವನು ಒದ್ದೆ ಬಟ್ಟೆಯನ್ನು ಬಿಡಿಸಿದ. ಬಿಡಿಸಿದವನು ಹಾಗೇ ನಿಂತ.

ಇಪ್ಪತ್ತನಾಲ್ಕು ಟೊಮೆಟೊ ಎಲೆಗಳು! ಒಂದೊಂದೂ ಗಿಡದಲ್ಲಿರುವಷ್ಟೇ ದೊಡ್ಡದು. ಚುಕ್ಕೆ ಬಿದ್ದದ್ದು, ಮುದುಡಿದ್ದು, ಅಂಚು ಸುಟ್ಟದ್ದು, ನರ ಮಾತ್ರ ಹಸಿರಾಗಿ ಉಳಿದದ್ದು... ಎಲ್ಲವೂ ಕೈಯಲ್ಲೇ ಬರೆದ ಚಿತ್ರ. ಈಗ ಅವುಗಳ ಮೇಲೆಲ್ಲ ಟೀ.

"ಇದು... ಏನಿದು?"

"ಒರೆಸೋ ಬಟ್ಟೆ ಅಲ್ಲ ಸರ್. ನನ್ನ ಮೂರು ತಿಂಗಳ ಕೆಲಸ."

"ಇಪ್ಪತ್ತೈದನೇ ರೋಗ ಬಂತು ನೋಡಿ, ಟೀ ರೋಗ!" ಎಂದು ಹಿಂದಿನ ಬೆಂಚಿನವರು ಯಾರೋ ಅಂದರು. ಸಭಾಂಗಣ ಗೊಳ್ಳೆಂದಿತು.

ಅವನು ಮಾತ್ರ ನಗಲಿಲ್ಲ. ಅವಳೂ ನಗಲಿಲ್ಲ. ಆ ದಿನದ ಪಾಠ ರೋಗ ಗುರುತಿಸುವ ಮೊಬೈಲ್ ಆ್ಯಪ್ ಬಗ್ಗೆ. ಅವನೇ ಆರು ವರ್ಷ ಕೂತು ಕಟ್ಟಿದ ಆ್ಯಪ್. ಪಾಠ ಮುಗಿದು 'ಪ್ರಶ್ನೆಗಳಿದ್ದರೆ ಕೇಳಿ' ಎಂದಾಗ ಎದ್ದು ನಿಂತವಳು ಅವಳೊಬ್ಬಳೇ.

"ಸಿಗ್ನಲ್ ಇಲ್ಲದ ಹೊಲದಲ್ಲಿ ನಿಮ್ಮ ಆ್ಯಪ್ ಏನು ಮಾಡುತ್ತೆ ಸರ್?"

ಅವನು ಒದ್ದೆ ಬಟ್ಟೆಯನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡು, "ಒಗೆದು ತಂದುಕೊಡ್ತೀನಿ" ಎಂದಷ್ಟೇ ಹೇಳಿದ.

*

ವಾರದ ನಂತರ ಅವನೇ ಅವಳ ಕೆಲಸದ ಜಾಗಕ್ಕೆ ಬಂದ. ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ ತಂದಿದ್ದ. ಕಲೆ ಹೋಗಿರಲಿಲ್ಲ.

"ನೀವು ಕಲಿಸೋದನ್ನ ನೋಡ್ಬಹುದಾ?" ಎಂದು ಕೇಳಿದ.

ಅವಳು ಭುಜ ಕುಣಿಸಿ ಮುಂದೆ ನಡೆದಳು. ಇಲಾಖೆಯ ರೈತ ಸಭೆಗಳು ನಡೆಯುವುದು ಬೆಳಿಗ್ಗೆ ಹನ್ನೊಂದಕ್ಕೆ, ಕಚೇರಿಯಲ್ಲಿ. ಆ ಹೊತ್ತಿಗೆ ಕಳೆ ಕೀಳುವ, ಕಾಯಿ ಬಿಡಿಸುವ ಹೆಂಗಸರೆಲ್ಲ ಹೊಲದಲ್ಲಿರುತ್ತಾರೆ. ಎಲೆಯನ್ನು ದಿನಾ ನೋಡುವವರಿಗೆ ಪಾಠ ಸಿಗುವುದಿಲ್ಲ. ಪಾಠ ಕೇಳುವವರು ಎಲೆ ನೋಡುವುದಿಲ್ಲ. ಅದಕ್ಕೇ ಅವಳು ಕಚೇರಿ ಬಿಟ್ಟು ಬದುವಿಗೆ ಬಂದಿದ್ದಳು.

ಒಬ್ಬ ಹೆಂಗಸು ಹಳದಿ ಎಲೆಯೊಂದನ್ನು ಕಿತ್ತು ಬಟ್ಟೆಯ ಮೇಲೆ ಒಂದೊಂದೇ ಚಿತ್ರದ ಪಕ್ಕ ಇಟ್ಟು ನೋಡಿದಳು. ಹನ್ನೊಂದನೆಯದಕ್ಕೆ ಕೈ ನಿಂತಿತು.

"ಇದು ರೋಗ ಅಲ್ಲ ಕಣ್ರೇ! ಹಸಿವು. ಗೊಬ್ಬರ ಸಾಲದೆ ಹೀಗಾಗಿದೆ. ನಮ್ಮೋರು ಸುಮ್ಮನೆ ಔಷಧಿ ಹೊಡೀತಿದ್ರಲ್ಲ!"

ಅವನು ಸರ್ರನೆ ನೋಟ್‌ಬುಕ್ ತೆಗೆದು ಬರೆದುಕೊಂಡ. ಏಳರ ಅಂಕಿಯ ಸೊಂಟಕ್ಕೊಂದು ಅಡ್ಡಗೆರೆ ಎಳೆಯುವ ಅವನ ಅಭ್ಯಾಸವನ್ನು ಅವಳು ಅಂದೇ ಗಮನಿಸಿದಳು.

ಆಮೇಲೆ ಅವನು ಪ್ರತಿ ಗುರುವಾರ ಬರತೊಡಗಿದ.

ಅವಳಿದ್ದದ್ದು ಅಕ್ಕನ ಜೊತೆ. ಅಕ್ಕ ದರ್ಜಿ. ಎಲೆಬಟ್ಟೆಗಳ ಅಂಚು ಹೊಲಿಯುತ್ತಿದ್ದವಳೂ ಅವಳೇ.

"ನಿನ್ನ ಮೇಷ್ಟ್ರು ಹೊಲ ನೋಡೋಕೆ ಬರ್ತಾರೋ, ಹೊಲದಲ್ಲಿ ನಿಂತೋಳ್ನ ನೋಡೋಕೆ ಬರ್ತಾರೋ?" ಎಂದು ಅಕ್ಕ ಸೂಜಿಗೆ ದಾರ ಪೋಣಿಸುತ್ತಲೇ ಚುಚ್ಚುತ್ತಿದ್ದಳು.

"ಸುಮ್ನಿರಕ್ಕ!"

'ಎರಡನ್ನೂ' ಎಂದು ಅವಳ ಮನಸ್ಸು ಮಾತ್ರ ಒಳಗೊಳಗೇ ಉತ್ತರ ಕೊಡುತ್ತಿತ್ತು...

ಐದನೇ ತಿಂಗಳು, ಕಾಯಿ ವಿಂಗಡಿಸುವ ಶೆಡ್ಡಿನಲ್ಲಿ ಖಾಲಿ ಕ್ರೇಟುಗಳ ಮಧ್ಯೆ ನಿಂತು ಅವನು ಹೇಳಿದ:

"ನಿನ್ನ ಜೊತೆ ಇದ್ರೆ ನಾನು ಕಲಿಸೋನು ಅನ್ನೋದೇ ಮರೆತುಹೋಗುತ್ತೆ. ಜೊತೆಗೇ ಇದ್ದುಬಿಡ್ಲಾ?"

ಅವಳು ಕೆಂಪಾಗಿ, "ಇಲ್ಲಿ ಮಾಗಿದ ಕಾಯಿ ಬೇರೆ ಇಡೋ ಕೆಲಸ ಇದೆ" ಎಂದಳು. ಬೇಡವೆನ್ನಲಿಲ್ಲ.

*

ಆ ವರ್ಷವೇ ಅವಳು ಉನ್ನತ ತರಬೇತಿಗೆ ಅರ್ಜಿ ಹಾಕಿದ್ದು. ದೂರದ ವಿಶ್ವವಿದ್ಯಾಲಯದಲ್ಲಿ ಎಂಟು ತಿಂಗಳು. ಹೊಸ ಬೋಧನಾ ವಿಧಾನ ಕಂಡುಹಿಡಿದ ವಿಸ್ತರಣಾ ಶಿಕ್ಷಕರಿಗೆ ವರ್ಷಕ್ಕೊಂದೇ ಸ್ಥಾನ. ಮೂವತ್ತೈದು ತುಂಬಿದವರಿಗೆ ಅವಕಾಶವಿಲ್ಲ. ಅವಳಿಗೆ ಆಗ ಮೂವತ್ತನಾಲ್ಕು.

ಆಯ್ಕೆ ಸಮಿತಿಯ ಮೂವರಲ್ಲಿ ಅವನೂ ಒಬ್ಬ.

"ನೀವು ಸಮಿತಿಯಿಂದ ಹೊರಗೆ ಉಳೀಬೇಕಲ್ವಾ?" ಎಂದು ಅವಳು ಕೇಳಿದ್ದಳು.

"ಅದನ್ನ ನನಗೆ ಬಿಡು. ನೀನು ಚಿತ್ರ ಬರಿ."

ಹೊರಗೇ ಉಳಿಯುತ್ತಾನೆ ಎಂದುಕೊಂಡಳು. ಮೂರು ಹೊಸ ಬಟ್ಟೆ ಬರೆದು ಅರ್ಜಿಯ ಜೊತೆ ಕಳಿಸಿದಳು.

ಆಯ್ಕೆಯಾದದ್ದು ಬೇರೆ ಯಾರೋ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ಸಂಜೆ ಅವನು ಅಕ್ಕನ ಮನೆಗೆ ಬಂದು, ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಅವಳ ಪಕ್ಕದಲ್ಲೇ ಕೂತ. "ಅಳ್ಬೇಡ. ಮೇಲ್ಮನವಿ ಹಾಕೋಣ" ಎಂದ. ಮನವಿಯ ಒಂದೊಂದು ಸಾಲನ್ನೂ ತಿದ್ದಿಕೊಟ್ಟ. 'ಈ ವಿಧಾನದ ಮಹತ್ವವನ್ನು ಸಮಿತಿ ಗಮನಿಸಿದಂತಿಲ್ಲ' ಎಂಬ ಸಾಲು ಅವನದೇ. 'ನನಗೋಸ್ಕರ ಎಷ್ಟು ಕಷ್ಟಪಡ್ತಾರೆ...' ಎಂದು ಅವಳ ಕಣ್ಣು ತುಂಬಿತ್ತು.

ತಿಂಗಳ ನಂತರ ಉತ್ತರ ಬಂತು. ಮನವಿ ತಿರಸ್ಕೃತ. ನಿಯಮದಂತೆ, ಸದಸ್ಯರ ಹೆಸರು ಮುಚ್ಚಿದ ಮೂರು ಅಂಕಪಟ್ಟಿಗಳ ಪ್ರತಿ ಲಕೋಟೆಯಲ್ಲಿತ್ತು.

ಮೊದಲನೆಯದು, 82. ಎರಡನೆಯದು, 79.

ಮೂರನೆಯದು, 47. ಕೆಳಗೊಂದು ಸಾಲು: 'ಹಳೆಯ ವಿಧಾನ. ಹೆಚ್ಚು ಜನಕ್ಕೆ ತಲುಪಿಸಲು ಆಗದು.'

ಆ ಏಳರ ಸೊಂಟಕ್ಕೊಂದು ಅಡ್ಡಗೆರೆಯಿತ್ತು.

ಅವಳು ಮತ್ತೆ ಮತ್ತೆ ನೋಡಿದಳು. ಹೆಸರು ಮುಚ್ಚಿದವರು ಅಕ್ಷರ ಮುಚ್ಚಿರಲಿಲ್ಲ. ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ "ಏನಾಯ್ತೇ?" ಎಂದಳು. ಅವಳು ಆ ಪಟ್ಟಿಯನ್ನೇ ಅಕ್ಕನ ಮುಂದೆ ಹಿಡಿದಳು.

*

ಮಾರನೆಯ ದಿನ ಮಧ್ಯಾಹ್ನ ತರಬೇತಿ ಕೇಂದ್ರದ ಅವನ ಕೋಣೆಗೆ ಹೋಗಿ ಮೂರನೇ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

ಅವನ ಮುಖದ ಬಣ್ಣವೇ ಇಳಿದುಹೋಯಿತು.

"ಕೂತ್ಕೋ, ಹೇಳ್ತೀನಿ..."

"ನಿಂತೇ ಕೇಳ್ತೀನಿ."

"ನಮ್ಮಿಬ್ಬರ ಬಗ್ಗೆ ಜನ ಮಾತಾಡೋಕೆ ಶುರು ಮಾಡಿದ್ರು. ನಾನು ಜಾಸ್ತಿ ಅಂಕ ಕೊಟ್ಟಿದ್ರೆ, ಸಾಹೇಬರ ದಯೆಯಿಂದ ಸೀಟು ಸಿಕ್ತು ಅಂತಿದ್ರು. ನಿನ್ನ ಹೆಸರು ಕೆಡ್ತಿತ್ತು. ಉಳಿದಿಬ್ಬರು ಹೇಗೂ ಒಳ್ಳೆ ಅಂಕ ಕೊಡ್ತಾರೆ, ನೀನು ದಾಟ್ತೀಯ ಅಂದ್ಕೊಂಡೆ..."

"ನನ್ನ ಹೆಸರು ಉಳಿಸೋಕೆ ನನ್ನನ್ನೇ ಮುಳುಗಿಸಿದ್ರಾ?"

ಅವನು ತಲೆ ತಗ್ಗಿಸಿದ.

"ಅಂಕ ಹೋಗ್ಲಿ ಬಿಡಿ," ಎಂದಳು ಅವಳು, "ನನ್ನ ಪಕ್ಕದಲ್ಲಿ ಕೂತು ಮನವಿ ಬರೆದ್ರಲ್ಲ... ಕಣ್ಣೀರು ಒರೆಸಿದ್ರಲ್ಲ! ಆಗ ನಿಮಗೆ ಕೈ ಹೇಗೆ ಬಂತು?"

"ಹೇಳೋ ಧೈರ್ಯ ಇರ್ಲಿಲ್ಲ."

"ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನು ಯಾರಿಗೆ ಹೇಳ್ಕೊಳ್ಳಲಿ ನಾನು?"

ಅವಳು ಹೊರಟುಬಂದಳು. ಬಾಗಿಲು ಕೂಡ ಜೋರಾಗಿ ಹಾಕಲಿಲ್ಲ. ಅಷ್ಟು ಸಲಿಗೆಯೂ ಇನ್ನು ಬೇಡವೆನಿಸಿತ್ತು.

ಕಥೆ ಅಲ್ಲಿಗೇ ಮುಗಿದಿದ್ದರೆ ಗಾಯ ಒಂದೇ ಇರುತ್ತಿತ್ತು. ಮೂರು ತಿಂಗಳಿಗೆ ಅವನು ನಿರ್ದೇಶಕರಿಗೆ ಪತ್ರ ಬರೆದ. 'ಅರ್ಜಿದಾರಳನ್ನು ನಾನು ಪ್ರೀತಿಸುತ್ತಿದ್ದೆ. ಅದನ್ನು ಮುಚ್ಚಿಟ್ಟು ಅಂಕ ಹಾಕಿದೆ. ತಪ್ಪು ನನ್ನದು.' ಪತ್ರ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಇಡೀ ಇಲಾಖೆಯ ಬಾಯಲ್ಲಿತ್ತು.

ಅವನನ್ನು ಹುದ್ದೆಯಿಂದ ಇಳಿಸಿ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಹಾಕಿದರು. ಸೀಟು ಅವಳಿಗೆ ಮರಳಲಿಲ್ಲ. ಅಷ್ಟರಲ್ಲಿ ಅವಳಿಗೆ ಮೂವತ್ತೈದು ತುಂಬಿತ್ತು.

ಅವಳಿಗೆ ಉಳಿದದ್ದು ಮಾತುಗಳು. ಮೇಲಧಿಕಾರಿ ಕಡತ ಕೊಡುವಾಗ ತುಟಿಯಂಚಿನಲ್ಲಿ ನಗುತ್ತಿದ್ದರು. ಟೀ ಹೊತ್ತಿನಲ್ಲಿ ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಯಾವುದೋ ಮದುವೆಯಲ್ಲಿ ಚಿಕ್ಕಮ್ಮ, "ಅಂಕ ಕೊಡದಿದ್ರೂ ಪ್ರೀತಿ ಕೊಟ್ಟನಂತಲ್ಲ!" ಎಂದು ಎಲ್ಲರೆದುರು ನಕ್ಕಳು.

"ಒಪ್ಕೊಂಡನಲ್ಲೇ," ಎಂದು ಅಕ್ಕ ಒಮ್ಮೆ ಮೆಲ್ಲಗೆ ಹೇಳಿ ನೋಡಿದಳು.

"ಒಪ್ಕೊಂಡು ಅವರ ಎದೆ ಹಗುರ ಮಾಡ್ಕೊಂಡ್ರು ಅಕ್ಕ. ಆ ಭಾರ ಈಗ ನಾನು ಹೊರ್ತಿದ್ದೀನಿ."

ಎರಡು ವರ್ಷ ಅವಳು ತಲೆ ತಗ್ಗಿಸಿ ದುಡಿದಳು. ಮೊದಲ ವರ್ಷವೇ ಪಕ್ಕದ ವಲಯದ ಶಿಕ್ಷಕಿಯೊಬ್ಬಳು ಒಂದು ಭಾನುವಾರ ಬಂದು, "ನನಗೂ ಎಲೆ ಬರೆಯೋದು ಹೇಳಿಕೊಡ್ತೀಯಾ? ಆಲೂಗಡ್ಡೆಗೆ ಬೇಕಿತ್ತು" ಎಂದಳು. ಮುಂದಿನ ಭಾನುವಾರ ಮೂವರು ಬಂದರು. ವರ್ಷ ಕಳೆಯುವಷ್ಟರಲ್ಲಿ ಅಕ್ಕನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಪ್ಪತ್ತಮೂರು ಜನ ಶಿಕ್ಷಕರು ನೆಲದ ಮೇಲೆ ಬಟ್ಟೆ ಹರಡಿ, ತಮ್ಮ ತಮ್ಮ ಹೊಲದ ಎಲೆಗಳನ್ನು ಪಕ್ಕದಲ್ಲಿಟ್ಟುಕೊಂಡು ಬಣ್ಣ ಕಲಸುತ್ತಿದ್ದರು. ಆದೇಶವಿಲ್ಲ, ಪ್ರಮಾಣಪತ್ರವಿಲ್ಲ.

"ಸರ್ಕಾರಿ ನೌಕರರು ರಜೆ ದಿನ ಕಲಿಯೋಕೆ ಬರ್ತಾರೆ ಅಂದ್ರೆ ಪ್ರಳಯ ಹತ್ರ ಬಂತು," ಎನ್ನುತ್ತಿದ್ದಳು ಅಕ್ಕ.

ಅವಳು ನಗುತ್ತಿದ್ದಳು. ಆದರೂ ಒಮ್ಮೊಮ್ಮೆ, ಆ ಎಂಟು ತಿಂಗಳು ಸಿಕ್ಕಿದ್ದರೆ ಇನ್ನೇನು ಕಲಿಯುತ್ತಿದ್ದೆನೋ ಎಂದು ಅವಳ ಕುಂಚ ನಡುವೆಯೇ ನಿಲ್ಲುತ್ತಿತ್ತು.

*

ಮಣ್ಣಿನ ಮಾದರಿಗಳನ್ನು ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದ ಸಹೋದ್ಯೋಗಿಯ ಕಾಲು ಮುರಿದದ್ದರಿಂದ, ಒಂದು ದಿನ ಅವಳೇ ಹೋಗಬೇಕಾಯಿತು. ಅಲ್ಲಿ ಯಾರಿದ್ದಾರೆಂದು ಗೊತ್ತಿತ್ತು. ಬಾಗಿಲಲ್ಲಿ ಐದು ನಿಮಿಷ ನಿಂತು ಒಳಗೆ ಹೋದಳು.

ಮಾದರಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂತಿದ್ದವನು ತಲೆ ಎತ್ತದೆಯೇ ಕೇಳಿದ.

"ಎಷ್ಟು ಪೊಟ್ಟಣ?"

"ಮೂವತ್ತೊಂದು."

ಪೆನ್ನು ನಿಂತಿತು.

ಅವನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಉಗುರಿನ ಸಂದಿಯಲ್ಲಿ ಮಣ್ಣಿತ್ತು. ಅವನು ಎದ್ದು ನಿಂತ, ಮತ್ತೆ ಕೂತ, ಏನು ಮಾಡಬೇಕೆಂದು ತಿಳಿಯದೆ ಒಂದೊಂದೇ ಪೊಟ್ಟಣಕ್ಕೆ ಚೀಟಿ ಅಂಟಿಸತೊಡಗಿದ.

"ನೀವು... ಚೆನ್ನಾಗಿದ್ದೀರಾ?"

"ಒಂದು ಪ್ರಶ್ನೆ ಇದೆ," ಎಂದಳು ಅವಳು. "ಎರಡು ವರ್ಷದಿಂದ ಇದೆ. ಜನರ ಮಾತಿಗೆ ಹೆದರಿದೆ ಅಂದ್ರಿ. ಹೆದರಿದವನು ಅರವತ್ತೋ ಎಪ್ಪತ್ತೋ ಕೊಡ್ತಾನೆ. ಹಳೆಯ ವಿಧಾನ ಅಂತ ಯಾಕೆ ಬರೀತಾನೆ?"

ಅವನು ಕೈಯಲ್ಲಿದ್ದ ಚೀಟಿಯನ್ನು ಮಡಚಿದ, ಬಿಡಿಸಿದ. ಒಳಗೆ ಯಾವುದೋ ಯಂತ್ರ ಗುರ್ ಎನ್ನುತ್ತಿತ್ತು.

"ಹೊಟ್ಟೆಕಿಚ್ಚು," ಎಂದ ಕೊನೆಗೆ.

ಅವಳು ಕಿಟಕಿಯ ಹತ್ತಿರಕ್ಕೆ ಸರಿದಳು.

"ನಿಮ್ಮ ಬಟ್ಟೆಗಳನ್ನ ಮೇಜಿನ ಮೇಲೆ ಹರಡಿದಾಗ ಉಳಿದಿಬ್ಬರೂ ಎದ್ದು ನಿಂತು ನೋಡಿದ್ರು. ನನ್ನ ಆರು ವರ್ಷದ ಕೆಲಸವನ್ನ ಯಾರೂ ಹಾಗೆ ನೋಡಿರ್ಲಿಲ್ಲ. ಈಕೆ ಹೋದ್ರೆ ನನಗಿಂತ ದೊಡ್ಡವಳಾಗಿ ಬರ್ತಾಳೆ, ಆಮೇಲೆ ನಾನ್ಯಾಕೆ ಬೇಕು ಅನ್ನಿಸ್ತು. ಜನರ ಮಾತು ಬರೀ ನೆಪ. ನಿರ್ದೇಶಕರಿಗೆ ಬರೆದ ಪತ್ರದಲ್ಲೂ ಇದನ್ನ ಬರೀಲಿಲ್ಲ. ನಾಚಿಕೆ ಆಯ್ತು."

ಅವಳ ಕಣ್ಣಲ್ಲಿ ನೀರು ಬಂತು. ಸಿಟ್ಟಿನದೋ ದುಃಖದ್ದೋ ಅವಳಿಗೇ ತಿಳಿಯಲಿಲ್ಲ. ಆದರೆ ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವನು ಹೇಳಿದ್ದು ಸುಳ್ಳಲ್ಲ ಎಂದು ಮನಸ್ಸಿಗೆ ತಟ್ಟಿತು.

"ಆ ಪತ್ರ!" ಅವಳು ಕಿಟಕಿಯ ಹಲಗೆಯನ್ನು ಬಿಗಿಯಾಗಿ ಹಿಡಿದಳು. "ನನ್ನ ಪ್ರೀತಿ ನನ್ನದೂ ಅಲ್ವಾ? ಇಡೀ ಇಲಾಖೆಗೆ ಹಂಚೋ ಮೊದಲು ನನ್ನನ್ನೊಂದು ಮಾತು ಕೇಳಬಹುದಿತ್ತು. ತಪ್ಪು ಮಾಡುವಾಗಲೂ ಕೇಳ್ಲಿಲ್ಲ, ಒಪ್ಕೊಳ್ಳುವಾಗಲೂ ಕೇಳ್ಲಿಲ್ಲ! ನನ್ನ ಬದುಕಿನ ವಿಷಯ ಎಲ್ಲ ನೀವೊಬ್ಬರೇ ಕೂತು ತೀರ್ಮಾನ ಮಾಡಿದ್ರಿ."

ಅವನ ಕೈಯಲ್ಲಿದ್ದ ಪೊಟ್ಟಣ ಹಾಗೇ ಉಳಿಯಿತು. ಈ ಮಾತು ಇಷ್ಟು ದಿನ ಅವನಿಗೆ ಹೊಳೆದೇ ಇರಲಿಲ್ಲ. ಪತ್ರ ಬರೆದದ್ದನ್ನು ತನ್ನ ಬದುಕಿನ ಒಂದೇ ಒಳ್ಳೆಯ ಕೆಲಸ ಎಂದು ನಂಬಿಕೊಂಡಿದ್ದನಲ್ಲ!

"ಹೌದು," ಎಂದ. "ಕೇಳಬೇಕಿತ್ತು."

"ಆ ಎಂಟು ತಿಂಗಳು ನೀವು ತಂದುಕೊಡೋಕಾಗಲ್ಲ."

"ಆಗಲ್ಲ."

"ನಾನು ಕ್ಷಮಿಸಿಲ್ಲ."

"ಕ್ಷಮಿಸಿ ಅಂತ ಕೇಳೋ ಮುಖ ನನಗಿಲ್ಲ."

ಮೂವತ್ತೊಂದನೇ ಪೊಟ್ಟಣಕ್ಕೆ ಚೀಟಿ ಅಂಟಿತು. ಅವಳು ರಸೀದಿ ತೆಗೆದುಕೊಂಡು ಬಾಗಿಲವರೆಗೆ ಹೋದಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಹೊರಗಿರುತ್ತಿದ್ದಳು. ಆದರೆ ಕಾಲು ಮುಂದೆ ಬರಲಿಲ್ಲ. ಇಷ್ಟೆಲ್ಲ ಆದಮೇಲೂ, ಹೊಲದಲ್ಲಿ ಹೊಸದೇನಾದರೂ ಕಂಡ ದಿನ ಮೊದಲು ಹೇಳಬೇಕೆನಿಸುತ್ತಿದ್ದದ್ದು ಇವನಿಗೇ. ಅದು ಅವಳಿಗೆ ಇಷ್ಟವಿರಲಿಲ್ಲ. ಆದರೂ ನಿಜ.

ಹಿಂದಿನಿಂದ ಅವನ ದನಿ ಕೇಳಿತು, ತೀರಾ ಮೆಲ್ಲಗೆ.

"ಒಂದು ಕೇಳ್ಲಾ? ಬೇಡ ಅಂದ್ರೆ ಬೇಡ."

"ಕೇಳಿ."

"ಬಸ್ ಸ್ಟಾಪ್ ತನಕ ಜೊತೆಗೆ ಬರಬಹುದಾ?"

ಅವಳು ತಿರುಗಿ ನೋಡಿದಳು. ಅವನು ಎದ್ದಿರಲಿಲ್ಲ. ಉತ್ತರ ಬರುವವರೆಗೆ ಏಳುವಂತೆಯೂ ಕಾಣಲಿಲ್ಲ.

"ಬಸ್ ಸ್ಟಾಪ್ ತನಕ ಮಾತ್ರ," ಎಂದಳು. "ಮುಂದಿನದ್ದನ್ನ ನಾನು ಹೇಳ್ತೀನಿ."

"ಆಗ್ಲಿ."

"ದಾರಿಯುದ್ದಕ್ಕೂ ಬೈತೀನಿ. ಎರಡು ವರ್ಷದ್ದು ಬಾಕಿ ಇದೆ."

ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಹಾಗಾದ್ರೆ... ಸುತ್ತು ದಾರಿಯಲ್ಲಿ ಹೋಗೋಣ್ವಾ?"

ಅವಳು ರಸೀದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಕೈ ತೊಳ್ಕೊಂಡು ಬಾ. ಕಾಯ್ತಿದ್ದೀನಿ."