ಮೆಹರ್ ಹೇಳಬೇಕಾದವಳು

"ಮೆಹರ್ ವಿಷಯ ಮುಗಿಸ್ಬುಟ್ಟಿದೀನಿ ಕಣಮ್ಮ. ಬಂಗಾರಾನೇ ಕೊಡೋದು, ನೆಕ್ಲೆಸ್ಸು ಬಳೆ ಎಲ್ಲಾ ಸೇರಿಸಿ. ನಮ್ಮನೆ ಸೊಸೆಗೆ ಕಮ್ಮಿ ಮಾಡ್ತೀನಾ?" ಎಂದರು ಚಾಂದ್ ಪಾಷಾ.

ಸಕಲೇಶಪುರದಲ್ಲಿ ಕಾಫಿ, ಮೆಣಸಿನ ವ್ಯಾಪಾರ ಮಾಡುವ ಅವರು ಮಗ ತಬ್ರೇಜನ ಈ ಮದುವೆಗೆ ಒಪ್ಪಲು ಒಂದು ವರ್ಷ ತೆಗೆದುಕೊಂಡಿದ್ದರು. ಹುಡುಗಿ ಶಿಮ್ನಾ ಮಾಲ್ಡೀವ್ಸಿನವಳು. ಒಪ್ಪಿದ ಮೇಲೆ ಮಾತ್ರ ಅವರ ಉತ್ಸಾಹಕ್ಕೆ ಲಗಾಮಿರಲಿಲ್ಲ. ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡಲೇಬೇಕಾದ ಮೆಹರನ್ನೂ ತಾವೇ ಗೊತ್ತುಮಾಡಿದ್ದರು.

ಶಿಮ್ನಾ ಟೀ ಲೋಟ ಕೆಳಗಿಟ್ಟಳು. "ಅಂಕಲ್, ನನ್ನ ಮೆಹರ್ ನಾನು ಹೇಳ್ಬೇಕು."

ಚಾಂದ್ ಪಾಷಾ ಹೆಂಡತಿ ಮೆಹಬೂಬ್ ಬೀಯ ಮುಖ ನೋಡಿದರು. "ಕಮ್ಮಿ ಆಯ್ತೇನಮ್ಮ?"

"ಅಯ್ಯೋ, ಅದಲ್ಲ..." ಎಂದಳು ಶಿಮ್ನಾ.

"ಬಂಗಾರ ಸಾಲ್ದು ಅಂತ ಮುಖದ ಮೇಲೆ ಹೇಳೋ ಹುಡುಗೀನ ಇವತ್ತೇ ನೋಡಿದ್ದು," ಎಂದು ಮೆಹಬೂಬ್ ಬೀ ಒಳಗೆ ಹೋದರು.

ಶಿಮ್ನಾಗೆ ಕೇಳಿಸಲೆಂದೇ ಅವರು ಅದನ್ನು ಕನ್ನಡದಲ್ಲಿ ಹೇಳಿದ್ದರು. ಅವಳಿಗೆ ಉರ್ದು ಬಾರದು, ಅವಳ ದಿವೇಹಿ ಭಾಷೆ ಈ ಮನೆಯಲ್ಲಿ ಯಾರಿಗೂ ಬಾರದು. ಪ್ರೀತಿಗೂ ಜಗಳಕ್ಕೂ ಅವರ ನಡುವೆ ಉಳಿದಿದ್ದದ್ದು ಕನ್ನಡವೊಂದೇ.

ತಬ್ರೇಜ್ ಜೀಪಿನ ಕೀಲಿ ತೆಗೆದುಕೊಂಡು ಶಿಮ್ನಾಳನ್ನು ಹೊರಗೆ ಕರೆದ.

ವನಗೂರಿನ ಏರುದಾರಿಯಲ್ಲಿ ಎರಡೂ ಕಡೆ ಕಾಫಿ ಹೂ ಬಿಟ್ಟಿತ್ತು. ಒಂದು ತಿರುವಿನಲ್ಲಿ ಅವನು ಜೀಪು ನಿಲ್ಲಿಸಿದ.

"ಕೋಪಾನಾ?"

"ನಿನ್ನ ಮೇಲಲ್ಲ."

"ಹಂಗಾದ್ರೆ ಜೀಪ್ ಮೇಲೆ. ಬಾಗಿಲು ಹಾಕಿದ ಸದ್ದಿಗೇ ಗೊತ್ತಾಯ್ತು."

ನಗಬಾರದೆಂದು ಅವಳು ತುಟಿ ಕಚ್ಚಿಕೊಂಡಳು. ಎಡಗೆನ್ನೆ ಮಾತ್ರ ಅವಳ ಮಾತು ಕೇಳಲಿಲ್ಲ. ಅಲ್ಲಿ ಸಣ್ಣದೊಂದು ಗುಳಿ ಬಿತ್ತು. ಅವನು ಅದನ್ನು ನೋಡಿದ. ನೋಡಿದ್ದು ಅವಳಿಗೂ ಗೊತ್ತಾಗಿ, ಹೂಗಳ ಕಡೆ ತಿರುಗಿದಳು.

"ನಮ್ಮ ಕಡೆ ಮೆಹರ್ ಏನು ಅಂತ ಹೇಳೋಳು ಮದುಮಗಳೇ ತಬ್ರೇಜ್. ಅಪ್ಪನೂ ಅಲ್ಲ, ಮಾವನೂ ಅಲ್ಲ. ಜಾಸ್ತಿ ಬೇಕು ಅಂತಲ್ಲ. ಅದನ್ನ ಹೇಳೋ ಬಾಯಿ ನನ್ನದು, ಅಷ್ಟೇ."

"ಅಬ್ಬಾಗೆ ಅದು ಗೊತ್ತಿಲ್ಲ. ಇಲ್ಲಿ ಹಿರಿಯರೇ ಮಾತಾಡಿ ಮುಗಿಸ್ತಾರೆ. ಸರಿ, ಹೇಳು. ಏನು ಬೇಕು?"

ಅವಳು ಬೇರೆ ಕಡೆಯಿಂದ ಶುರುಮಾಡಿದಳು.

"ನನ್ನ ಪ್ರಾಜೆಕ್ಟಿಗೆ ನೀನು ಮ್ಯಾಪ್ ಹಾಕಿಕೊಟ್ಟಿದ್ದೆ, ನೆನಪಿದೆಯಾ?"

ಮರೆಯುವುದು ಹೇಗೆ? ಮೈಸೂರಿನಲ್ಲಿ ಇಬ್ಬರೂ ಎಂ.ಎಸ್ಸಿ. ಭೂಗೋಳ ಓದುವಾಗ ಆ ಮ್ಯಾಪಿನ ನೆಪದಲ್ಲೇ ಅವನು ದಿನವೂ ಅವಳ ಪಕ್ಕ ಕೂತಿದ್ದ. ಅವಳ ದ್ವೀಪದವರು ಭಾರತಕ್ಕೆ ಬರುವುದು ಹೇಗೆ, ಯಾಕೆ ಎಂಬುದು ವಿಷಯ. ಮಕ್ಕಳ ಶಾಲೆಗೆಂದು ತಾಯಿ ಬಂದು ಬಾಡಿಗೆ ಮನೆ ಹಿಡಿಯುತ್ತಾಳೆ. ತಂದೆ ಮಾಲ್ಡೀವ್ಸಿನಲ್ಲೇ ಉಳಿದು ರೆಸಾರ್ಟಿನಲ್ಲಿ ದುಡಿಯುತ್ತಾನೆ. ಮರುವರ್ಷ ನೆರೆಮನೆಯವರು ಅದೇ ಬೀದಿಗೆ ಬರುತ್ತಾರೆ. ಶಿಮ್ನಾ ಮೈಸೂರಿಗೆ ಬಂದದ್ದೂ ಹಾಗೆಯೇ, ಎಂಟನೇ ವಯಸ್ಸಿನಲ್ಲಿ, ಅಮ್ಮನ ಕೈ ಹಿಡಿದು.

"ಓದೋಕೆ ಬಂದೋರು ವಾಪಸ್ ಹೋದ್ರು. ಆಪರೇಷನ್‌ಗೆ ಬಂದೋರೂ ಹೋದ್ರು. ಮ್ಯಾಪಲ್ಲಿ ಅವರ ಬಾಣಗಳಿಗೆಲ್ಲ ಎರಡೂ ಕಡೆ ಮೊನೆ ಹಾಕಿದ್ದೆ ನೀನು. ಮದುವೆಯಾಗಿ ಉಳಿದೋರ ಬಾಣಕ್ಕೆ ಮಾತ್ರ ಒಂದೇ ಮೊನೆ, ಈ ಕಡೆಗೆ."

"ಅವರನ್ನ ಯಾರಾದ್ರೂ ತಡೆದ್ರಾ?"

"ಯಾರೂ ತಡೀಲಿಲ್ಲ. ಮಗು ಇನ್ನೂ ಚಿಕ್ಕದು, ಅತ್ತೆಗೆ ಹುಷಾರಿಲ್ಲ, ಮುಂದಿನ ವರ್ಷ ನೋಡೋಣ... ನಾನು ಮಾತಾಡಿಸಿದೋರೆಲ್ಲ ಒಳ್ಳೇ ಕಾರಣಾನೇ ಹೇಳಿದ್ರು. ಹೇಳ್ತಾ ಹೇಳ್ತಾ ಅತ್ತರು."

"ನಾನು ಕಳಿಸ್ತೀನಿ ಮಾರಾಯ್ತಿ. ನಂಬಿಕೆ ಇಲ್ವಾ?"

"ನೀನು ಕಳಿಸಿದ್ರೆ ಹೋಗೋದಲ್ಲ. ಅದು ನನ್ನದಾಗಿರ್ಬೇಕು. ಬಳೆ ನನ್ನದಾಗಿರುತ್ತಲ್ಲ, ಹಂಗೆ." ಅವಳು ಅವನ ಕಡೆ ತಿರುಗಿದಳು. "ವರ್ಷಕ್ಕೊಂದು ತಿಂಗಳು ನಮ್ಮ ದ್ವೀಪದಲ್ಲಿ. ರಂಜಾನ್ ತಿಂಗಳು. ಅದೇ ನನ್ನ ಮೆಹರ್."

ತಬ್ರೇಜನಿಗೆ ತಾಯಿ ನೆನಪಾದರು. ಸೊಸೆಯ ಜೊತೆ ಕೂತು ಇಫ್ತಾರ್ ಮಾಡಬೇಕೆಂದು ಅಮ್ಮಿ ಈಗಲೇ ಊಟಕ್ಕೆ ಹಾಸುವ ಹೊಸ ದಸ್ತರ್‌ಖಾನ್ ಬಟ್ಟೆ ಹೊಲಿಸಿಟ್ಟಿದ್ದರು.

"ಬೇರೆ ತಿಂಗಳು ಆಗಲ್ವಾ?"

"ಊರು ಬಿಟ್ಟೋರೆಲ್ಲ ಬರೋದು ಆ ತಿಂಗಳೇ. ಬೇರೆ ತಿಂಗಳು ಹೋದ್ರೆ ಬರೀ ಮನೆಗಳನ್ನ ನೋಡಿಕೊಂಡು ಬರ್ಬೇಕು."

"ಅಮ್ಮಿ ಒಪ್ಪದಿದ್ರೆ?"

"ಈ ತಿಂಗಳು ನಮ್ಮಮ್ಮ ಮೈಸೂರಿನ ಮನೆ ಖಾಲಿ ಮಾಡ್ತಾರೆ. ಅವರ ಜೊತೆ ದ್ವೀಪಕ್ಕೇ ಹೋಗ್ಬಿಡ್ತೀನಿ." ಅವಳ ದನಿ ಸಣ್ಣದಾಯಿತು. "ಸುಲಭ ಅಂತ ಹೇಳ್ತಿಲ್ಲ ಕಣೋ. ನಿನ್ನನ್ನ ಬಿಟ್ಟು ಹೇಗಿರ್ತೀನಿ ಅಂತ ನಂಗೇ ಗೊತ್ತಿಲ್ಲ. ಆದ್ರೆ ಮುಂದೊಂದು ದಿನ ನಿನ್ನ ಮೇಲೆ ಸಿಟ್ಟಿಟ್ಟುಕೊಂಡು ಬದುಕೋದು ಅದಕ್ಕಿಂತ ಕಷ್ಟ."

ಅವನು ಜೀಪು ತಿರುಗಿಸಿದ. "ನಡಿ. ನಿನ್ನ ಬಾಯಲ್ಲೇ ಹೇಳು. ನಾನು ಪಕ್ಕದಲ್ಲಿರ್ತೀನಿ."

ಮನೆಗೆ ಮರಳಿ ಅವಳು ಹಿರಿಯರೆದುರು ಹೇಳಿದಳು. ಹೇಳುವಾಗ ಒಮ್ಮೆಯೂ ತಲೆ ತಗ್ಗಿಸಲಿಲ್ಲ. ದುಪಟ್ಟಾದ ಅಂಚು ಮಾತ್ರ ಬೆರಳಿಗೆ ಸುತ್ತಿಕೊಳ್ಳುತ್ತಲೇ ಇತ್ತು.

"ಬಂಗಾರ ಬ್ಯಾಡ್ವಾ?" ಎಂದರು ಮೆಹಬೂಬ್ ಬೀ.

"ಬೇಡ ಆಂಟಿ."

"ರಂಜಾನ್‌ನಾಗೆ ಸೊಸೆ ಎಲ್ಲವ್ಳೆ ಅಂತ ಬೀದಿಯೋರೆಲ್ಲ ಕೇಳ್ತಾರೆ. ಏನ್ ಹೇಳ್ಲಿ ನಾನು?"

"ಅವಳ ಮೆಹರ್ ತಗಳಕ್ಕೆ ಹೋಗವ್ಳೆ ಅನ್ನು ಅಮ್ಮಿ," ಎಂದ ತಬ್ರೇಜ್.

ಮೆಹಬೂಬ್ ಬೀ ಮಗನನ್ನು ದಿಟ್ಟಿಸಿದರು. ಆಮೇಲೆ ಗಂಡನ ಕಡೆ ತಿರುಗಿದರು. "ಏನ್ರೀ, ನನ್ನ ಮೆಹರ್ ಏನಿತ್ತು?"

ಚಾಂದ್ ಪಾಷಾ ಕೆಮ್ಮಿದರು. "ಅದು... ನಮ್ಮಪ್ಪ, ನಿಮ್ಮಪ್ಪ ಮಾತಾಡ್ಕಂಡಿದ್ದು."

"ನಂಗೆ ಯಾರೂ ಹೇಳ್ಲೇ ಇಲ್ಲ. ನಾನೂ ಕೇಳ್ಲಿಲ್ಲ. ಕೆ. ಹೊಸಕೋಟೆ ಇಲ್ಲೇ ಐತೆ, ಬಸ್ಸು ಹತ್ತಿದ್ರೆ ತವರು. ಮದುವೆ ಆದ ಮ್ಯಾಗೆ ಒಂದು ರಂಜಾನ್ ಅಲ್ಲಿ ಕಳೆದಿಲ್ಲ ನಾನು." ಅವರು ದೂರಿನ ದನಿಯಲ್ಲಿ ಹೇಳಲಿಲ್ಲ. ಆಗಷ್ಟೇ ಗಮನಕ್ಕೆ ಬಂದ ಸಂಗತಿಯಂತೆ ಹೇಳಿದರು.

ಆಮೇಲೆ ಶಿಮ್ನಾಳ ಬೆರಳಿಗೆ ಸುತ್ತಿದ್ದ ದುಪಟ್ಟಾ ಬಿಡಿಸಿ, ತಲೆಯ ಮೇಲೆ ಸರಿಯಾಗಿ ಹೊದಿಸಿದರು. "ಬಂಗಾರ ಅತ್ತೆ ಕೊಟ್ಟಿದ್ದು ಅಂತ ಇಟ್ಕ. ಮೆಹರ್ ನೀನು ಹೇಳಿದ್ದೇ. ಈದ್ ದಿನ ಮಾತ್ರ ಮೊದಲ ಫೋನು ನಂಗೇ ಬರ್ಬೇಕು."

"ಬರುತ್ತೆ ಅಮ್ಮಿ," ಎಂದಳು ಶಿಮ್ನಾ. ಆಂಟಿ ಎನ್ನಲು ಅವಳಿಗೆ ಮರೆತೇಹೋಗಿತ್ತು.

ಅವಳನ್ನು ಮೈಸೂರಿನ ಬಸ್ಸಿಗೆ ಹತ್ತಿಸಲು ಬಂದ ತಬ್ರೇಜ್ ಕಿಟಕಿಯ ಕೆಳಗೆ ನಿಂತ. "ಆ ತಿಂಗಳು ನನ್ನ ಗತಿ?"

"ಮೆಹರ್ ಕೊಟ್ಟೋನು ಹಂಗೆಲ್ಲ ಕೇಳಬಾರದು."

"ನಾನೂ ಬರ್ಲಾ?"

ಅವಳು ಕಿಟಕಿಯ ಸರಳಿಗೆ ಗಲ್ಲ ಆನಿಸಿ ಅವನನ್ನೇ ನೋಡಿದಳು. "ತುಂಬಾ ಚಿಕ್ಕ ದ್ವೀಪ ಅದು. ಒಂದು ಸುತ್ತು ನಡೆದ್ರೆ ಮುಗೀತು. ಆಮೇಲೆ ಏನ್ಮಾಡ್ತೀಯಾ?"

ಡ್ರೈವರ್ ಎಂಜಿನ್ ಚಾಲೂ ಮಾಡಿದ. ತಬ್ರೇಜ್ ಸರಳಿನ ಮೇಲಿದ್ದ ಅವಳ ಬೆರಳುಗಳನ್ನು ಮುಟ್ಟಿದ.

"ಇನ್ನೊಂದು ಸುತ್ತು ನಡೆಯೋಣ."