ಗೋಡೆಯ ಕಡೆ ತಿರುಗಿದ ಮುಖ

ರೌಟರ್ ಒಂದೂವರೆ ಸಾವಿರ, ವೈರು ಮುನ್ನೂರು, ಜೋಡಿಸುವ ಕೂಲಿ ಐನೂರು. ಸಮ್ರೀನಳ ಪಾಲಿಗೆ ಅದು ನಾಲ್ಕು ಬ್ಲೌಸಿನ ಕಸೂತಿಯ ದುಡಿಮೆ.

ಆದರೂ ಕೊಟ್ಟಳು. ಅವಳು ಬಿಡಿಸಿದ ಡಿಸೈನ್ ಅವಳಿಗಿಂತ ಮೊದಲೇ ಬಬಲೇಶ್ವರದ ಅಂಗಡಿಯೊಂದರಲ್ಲಿ ಮಾರಾಟವಾಗಿತ್ತು. ಡಿಸೈನನ್ನು ಅಲ್ಲಿಗೆ ಕೊಟ್ಟವನು ಅವಳ ಅಣ್ಣ ಫೈಜಲ. ಗೆಳೆಯ ಕೇಳಿದ, ಕೊಟ್ಟ, ಅಷ್ಟೇ!

ಸಿದ್ಧೇಶ್ವರ ಗುಡಿಯ ಹಿಂದಿನ ಅವರ ಮನೆಯಲ್ಲಿ ಕಪಾಟಿಗೂ ಕೀಲಿ ಇರಲಿಲ್ಲ. ಡಿಸೈನ್‌ಗಳೆಲ್ಲ ಕೆಳಗಿನ ಕಂಪ್ಯೂಟರಿನಲ್ಲಿ, ಎಲ್ಲರ ಕೈಗೆ ಸಿಗುವಂತೆ. ಅವಳ ಕೆಲಸ ಮಹಡಿಯ ಮೇಲೆ, ಲ್ಯಾಪ್‌ಟಾಪಿನಲ್ಲಿ.

"ಈ ಫೋಲ್ಡರ್ ಎಲ್ಲಾರಿಗೂ ತೆರೀಬೇಕೇನ್ರಿ?" ಎರಡನ್ನೂ ಜೋಡಿಸಲು ಬಂದಿದ್ದ ಸ್ಟೇಷನ್ ರಸ್ತೆಯ ಕಂಪ್ಯೂಟರ್ ಅಂಗಡಿಯ ಜುಬೇರ ಕೇಳಿದ.

"ಬ್ಯಾಡ್ರಿ. ನನಗಷ್ಟ."

ಅವನು ತಲೆಯೆತ್ತಿ ಅವಳನ್ನೇ ನೋಡಿದ. "ಹಂಗಾದ್ರ ಪಾಸ್‌ವರ್ಡ್ ನೀವ ಹಾಕ್ರಿ" ಎಂದು ಎದ್ದು, ಗೋಡೆಯ ಕಡೆ ಮುಖ ಮಾಡಿ ನಿಂತ.

"ಯಾಕ ತಿರುಗಿದ್ರಿ?"

"ನನಗೂ ಗೊತ್ತಾಗಬಾರ್ದಲ್ರಿ..."

ಇಪ್ಪತ್ತಾರು ವರ್ಷದಲ್ಲಿ ಯಾರೂ ಅವಳಿಗಾಗಿ ಹಾಗೆ ಮುಖ ತಿರುಗಿಸಿರಲಿಲ್ಲ. ಅವಳ ಬೆರಳುಗಳು ಎರಡು ಸಲ ತಪ್ಪಿದವು!

ಆಮೇಲೆ ಅವನು 'ಸರಿ ನಡದೈತೇನ್ರಿ?' ಎಂದು ಎರಡು ಸಲ ಫೋನ್ ಮಾಡಿದ. ಎರಡನೆಯ ಸಲ ಫೋಲ್ಡರಿನ ಮಾತೇ ಬರಲಿಲ್ಲ.

ಗುರುವಾರ ಮಧ್ಯಾಹ್ನ ತಿಕೋಟಾದ ಮದುಮಗಳು ಬ್ಲೌಸಿಗೆ ಬರುವವಳಿದ್ದಳು. ಬೆಳಿಗ್ಗೆ ಫೋಲ್ಡರ್ ತೆರೆದರೆ... 'ನಿಮಗೆ ಅನುಮತಿ ಇಲ್ಲ!'

ಅವಳ ಕೂಗು ಕೇಳಿ ಕೆಳಗಿನಿಂದ ಫೈಜಲ ನಕ್ಕ. "ಮನ್ಯಾಗ ಕೀಲಿ ಯಾಕಂತ ನಾ ಆ ಜುಬೇರಗ ಅವತ್ತ ಹೇಳಿದ್ದೆ ಬೇ!"

ಅಂದರೆ ಅಣ್ಣನ ಮಾತು ಕೇಳಿದನೇ? ಅವಳ ಕಣ್ಣು ತುಂಬಿತು. ಫೋನ್ ಹಚ್ಚಿದಳು.

"ನೀವೂ ಅವನ ಕಡೆನ ಏನ್ರಿ? ನನ್ನ ಕೆಲಸದಾಗ ನನ್ನ ಹೊರಗ ಹಾಕಿದ್ರಲ್ಲ!"

ಹತ್ತೇ ನಿಮಿಷದಲ್ಲಿ ಜುಬೇರ ಬಂದ. ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ.

"ನಿನ್ನೆ ಈ ಲ್ಯಾಪ್‌ಟಾಪ್ ಯಾರ ಕಡೆ ಇತ್ರಿ?"

"ಅಣ್ಣ ಫೋಟೊ ನೋಡಾಕ ಒಯ್ದಿದ್ದ."

"ಅಲ್ಲೇ ಆಗೇತಿ ನೋಡ್ರಿ. ನಿಮ್ಮಣ್ಣ ತಮ್ಮ ಹೆಸರು ಹಾಕಿ 'ನೆನಪಿಡು' ಅಂತ ಒತ್ಯಾರ. ಈಗ ಇದು ನಿಮ್ಮನ್ನ ಫೈಜಲ ಅಂತ ತಿಳ್ಕೊಂಡೈತಿ. ಫೈಜಲಗ ಬಾಗಲಾ ಹಾಕಸಿದವ್ರು ನೀವ ಅಲ್ಲೇನ್ರಿ?"

ಅವಳಿಗೆ ನಗು, ನಾಚಿಕೆ ಎರಡೂ ಒಟ್ಟಿಗೆ ಬಂದವು.

ಅವನು ಫೈಜಲನ ಹೆಸರು ಅಳಿಸಿ, ಮತ್ತೆ ಎದ್ದು ಗೋಡೆಯ ಕಡೆ ತಿರುಗಿದ. ಅವಳು ತನ್ನ ಹೆಸರು, ಪಾಸ್‌ವರ್ಡ್ ಹಾಕಿದಳು. ಮುನ್ನೂರು ಡಿಸೈನ್‌ಗಳೂ ಕಣ್ಣಮುಂದೆ!

"ಈ ಕಡೆ ತಿರಗ್ರಿ... ಸುಮ್ಮನ ಬೈದೆ. ತಪ್ಪಾತ್ರಿ."

"ಬೈರಿ, ಅಡ್ಡಿಯಿಲ್ಲ. ಐತವಾರ ನಮ್ಮ ಅಮ್ಮಿನ್ನ ಕರ್ಕೊಂಡು ಬರ್ಲೇನ್ರಿ?"

"ರಿಪೇರಿಗಿ ಅವರ‍್ಯಾಕ್ರಿ?"

"ರಿಪೇರಿಗಲ್ರಿ... ನಿಮ್ಮನ್ನ ಕೇಳಾಕ."

ಸಮ್ರೀನ ತಲೆ ತಗ್ಗಿಸಿದಳು. "ನಿಮ್ಮ ಮನ್ಯಾಗ ನನ್ನ ಕಪಾಟಿಗಿ ಕೀಲಿ ಇರತೈತೇನ್ರಿ?"

"ಇರತೈತ್ರಿ. ಕೀಲಿಕೈ ನಿಮ್ಮ ಕಡೆ."

"ಹಂಗಾದ್ರ ಬರ್ರಿ."

ತಿಕೋಟಾದ ಬ್ಲೌಸು ಹೊತ್ತಿಗೆ ಸರಿಯಾಗಿ ಮುಗಿಯಿತು. ಫೈಜಲನ ಕೈಯಿಂದ ಒಂದು ಫೋಲ್ಡರ್ ಹೋಯಿತು. ಸಮ್ರೀನಳಿಗೆ ತನ್ನ ಡಿಸೈನ್‌ಗಳು ಉಳಿದವು, ಜುಬೇರ ಸಿಕ್ಕ.